ಬೂದಿ ದಿಬ್ಬವೂ ಬಿಳಿ ಕಾಳೂ

ಮೊನ್ನೆ ಸಿಂಧನೂರಿನಲ್ಲಿ ಗೆಳೆಯರೊಬ್ಬರ ನರ್ಸರಿಗೆ ಹೋಗಿದ್ದೆ. ಮೆಣಸಿನ ಸಸಿಯ ಟ್ರೇ ತುಂಬಲು ತೆಂಗಿನ ನಾರಿನ ಪುಡಿಗೆ ಬಿಳಿ ಕಾಳಿನಂಥದ್ದೇನೋ ಕಲಸುತ್ತಿದ್ದರು. ಕೈಗೆ ತಗೊಂಡರೆ ಮಂಡಾಳಿನಷ್ಟು ಹಗುರ.

"ಇದೇನ್ರೀ, ಥರ್ಮಾಕೋಲಾ?"

"ಅಲ್ರೀ ಸರ, ಪರ್ಲೈಟ್. ಕಲ್ಲು ಅದು."

ಕಲ್ಲೇ ಹೌದು. ಜ್ವಾಲಾಮುಖಿಯಿಂದ ಬಂದ ಲಾವಾ ಗಾಜಾಗಿ, ಆ ಗಾಜು ಕಾಲಕ್ರಮೇಣ ನೀರು ಹೀರಿಕೊಂಡರೆ ಪರ್ಲೈಟ್ ಆಗುತ್ತದೆ. ಅದರಲ್ಲಿ ನೂರಕ್ಕೆ 2ರಿಂದ 5 ಭಾಗ ನೀರು ಅಡಗಿರುತ್ತದೆ. ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಗಾಜು ಮೆದುವಾಗಿ, ಒಳಗಿನ ನೀರು ಆವಿಯಾಗಿ, ಕಾಳು ನಾಲ್ಕರಿಂದ ಇಪ್ಪತ್ತು ಪಟ್ಟು ಉಬ್ಬುತ್ತದೆ. ಮಂಡಾಳು ಭಟ್ಟಿಯಲ್ಲಿ ಬಿಸಿ ಮರಳಿಗೆ ಬಿದ್ದ ಅಕ್ಕಿ ಅರಳುತ್ತದಲ್ಲ, ಹಂಗೇ. ಹಣ್ಣಿನ ರಸ ಸೋಸುವ ಕಾರ್ಖಾನೆ, ಹಗುರ ಪ್ಲಾಸ್ಟರು, ಅತಿಶೀತ ದ್ರವ ತುಂಬುವ ಟ್ಯಾಂಕಿನ ಗೋಡೆ, ಎಲ್ಲದಕ್ಕೂ ಇದು ಬೇಕು. ಗಿಡಕ್ಕೆ ಇದರಿಂದ ಪೋಷಣೆಯೇನೂ ಇಲ್ಲ. ಬೇರಿಗೆ ಗಾಳಿ ಸಿಗುತ್ತದೆ, ಹೆಚ್ಚಾದ ನೀರು ಬಸಿದುಹೋಗುತ್ತದೆ. ಮಳೆ ಬಂದರೆ ಅಂಟಿ, ಬಿಸಿಲು ಬಿದ್ದರೆ ಬಿರಿಯುವ ನಮ್ಮ ಎರೆಮಣ್ಣು ಕಂಡವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ.

ಗ್ರೀಸ್, ಟರ್ಕಿ, ಚೀನಾದಲ್ಲಿ ಇದು ಹೇರಳ. ನಮ್ಮಲ್ಲಿ ಯಾಕಿಲ್ಲ? ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಕರಿಗಲ್ಲೂ ಒಂದು ಕಾಲಕ್ಕೆ ಲಾವಾನೇ. ಆದರೆ ಅದು 250 ಕೋಟಿ ವರ್ಷಕ್ಕೂ ಹಿಂದಿನ ಮಾತು. ಅಷ್ಟು ದಿನ ಗಾಜು ಗಾಜಾಗಿ ಉಳಿಯುವುದಿಲ್ಲ.

ಆದರೂ ಬೆಂಕಿಯಲ್ಲಿ ಬೆಂದು ಗಾಜಾಗಿ, ತೂತುತೂತಾದ ಹಗುರ ಪದಾರ್ಥವೊಂದು ಈ ಸೀಮೆಯಲ್ಲಿ ಇದೆ. ಅದನ್ನು ಮಾಡಿದ್ದು ಜ್ವಾಲಾಮುಖಿಯಲ್ಲ, ದನ ಕಾಯುವವರು.

ಕೃಷ್ಣಾ ತುಂಗಭದ್ರೆಯರ ನಡುವಿನ ನಮ್ಮ ದೋಆಬಿನಲ್ಲಿ, ಅದರ ಸುತ್ತಲ ಬಳ್ಳಾರಿ, ಸುರಪುರ ಸೀಮೆಗಳಲ್ಲಿ ಬೂದಿ ದಿಬ್ಬಗಳಿವೆ. ಕೆಲವು ಪದರ ಹಿಟ್ಟಿನಂಥ ಬೂದಿ, ಕೆಲವು ಕರಗಿ ಹೆಪ್ಪುಗಟ್ಟಿದ ಕಿಟ್ಟ. ಬಳ್ಳಾರಿ ಹತ್ತಿರದ ಕುಡತಿನಿಯ ದಿಬ್ಬವನ್ನು ಭೀಮ ಸುಟ್ಟ ಹಿಡಿಂಬಾಸುರನ ಬೂದಿ ಅಂತ ಜನ ಹೇಳುತ್ತಿದ್ದರು. ಬ್ರಿಟಿಷ್ ಅಧಿಕಾರಿಗಳೂ ಕಥೆ ಕಟ್ಟುವುದರಲ್ಲಿ ಹಿಂದೆ ಬೀಳಲಿಲ್ಲ ಬಿಡಿ: ಜ್ವಾಲಾಮುಖಿ ಅಂದರು, ಕಬ್ಬಿಣ ಕರಗಿಸಿದ ಜಾಗ ಅಂದರು, ಸಾಮೂಹಿಕ ಶವದಹನ ಅಂದರು. ಇದು ದನದ ದೊಡ್ಡಿಯ ಸಗಣಿ ಸುಟ್ಟ ಬೂದಿ ಎಂದು 1870ರ ದಶಕದಲ್ಲೇ ಸೂಚಿಸಿದವರು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಒಪ್ಪುವುದಕ್ಕೆ ಮುಕ್ಕಾಲು ಶತಮಾನ ಹಿಡಿಯಿತು. 1952ರಲ್ಲಿ ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಅಗೆದಿದ್ದ ಎಫ್.ಆರ್. ಆಲ್ಚಿನ್, 1957ರಲ್ಲಿ ಈಗಿನ ತೆಲಂಗಾಣದ ಉಟ್ನೂರಿನ ದಿಬ್ಬ ಅಗೆದರು. ಅಲ್ಲಿ ದೊಡ್ಡಿಯ ಬೇಲಿಗೆ ನೆಟ್ಟ ಕಂಬಗಳ ಕುಳಿಗಳು ಸಾಲಾಗಿ ಸಿಕ್ಕವು. ಬೂದಿಯಲ್ಲಿ ದನದ ಗೊರಸಿನ ಗುರುತೂ ಇತ್ತು. ನಾಲ್ಕು ಸಾವಿರ ವರ್ಷದ ಹಿಂದೆ ಯಾವುದೋ ಹಸು ಊರಿದ ಕಾಲು! ಮುಂದೆ ಎಫ್.ಇ. ಝೋಯ್ನರ್ ಪ್ರಯೋಗಾಲಯದಲ್ಲಿ ಪರೀಕ್ಷಿಸಿ ಸಗಣಿಯೇ ಎಂದರು. ಹುಲ್ಲಿನಲ್ಲಿ ಮರಳಿನ ಅಂಶ, ಅಂದರೆ ಸಿಲಿಕಾ ಇರುತ್ತದೆ. ದನ ಮೇಯ್ದು ಹಾಕಿದ ಸಗಣಿಯಲ್ಲೂ ಅದು ಉಳಿಯುತ್ತದೆ. ರಾಶಿಗೆ ಬೆಂಕಿ ಬಿದ್ದು ಕಾವು ಏರಿದರೆ ಅದೇ ಗಾಜು.

ಮಸ್ಕಿ ಅಂದರೆ ನಮಗೆಲ್ಲ 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಕಂಡ ಅಶೋಕನ ಶಾಸನ. ಹೆಮ್ಮೆ ಸರಿಯೇ. ಆದರೆ 1954ರಲ್ಲಿ ಬಿ.ಕೆ. ಥಾಪರ್ ಅಲ್ಲೇ ಅಗೆದಾಗ ಅಶೋಕನಿಗಿಂತ ಎಷ್ಟೋ ಹಿಂದೆ ಬಾಳಿದವರ ಕಲ್ಲಲಗುಗಳು ಸಿಕ್ಕವು. ಅರಸನ ಹೆಸರು ಬಂಡೆ ಮೇಲಿತ್ತು, ಉಳೀತು. ದನ ಕಾದವರು ಬರೆದಿಟ್ಟದ್ದು ಬೂದಿಯಲ್ಲಿ.

ಆ ಬೂದಿ ಈಗ ಖಾಲಿಯಾಗುತ್ತಿದೆ. ಕುಡತಿನಿ ದಿಬ್ಬವನ್ನು ರಸ್ತೆ ಕಡಿದಿದೆ. ಎಷ್ಟೋ ಕಡೆ ಗೊಬ್ಬರ ಅಂತ ಹೊಲಕ್ಕೆ ಹೇರಿದ್ದಾರೆ. ರೈತರನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಬೂದಿ ಬಿದ್ದರೆ ಎರೆ ಸಡಿಲಾಗುತ್ತದೆ ಎಂಬುದು ಅವರಿಗೆ ಗೊತ್ತು, ಪ್ಯಾಕೆಟ್ಟಿನ ಪರ್ಲೈಟನ್ನು ಎಕರೆಗಟ್ಟಲೆ ಹಾಕುವ ಶಕ್ತಿ ಯಾರಿಗಿದೆ? ಆದರೆ ಒಂದು ಟ್ರ್ಯಾಕ್ಟರ್ ಹೇರಿದರೆ ಆ ಗೊರಸಿನ ಗುರುತು ಹೋಯಿತು, ಮತ್ತೆ ಬರುವುದಿಲ್ಲ.

ಬದಲಿ ಕಣ್ಣೆದುರೇ ಇದೆ. ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಸಿಂಧನೂರು ಭತ್ತದ ಕಣಜ. ರೈಸ್ ಮಿಲ್ಲುಗಳ ಹಿಂದೆ ಹೊಟ್ಟು ಗುಡ್ಡೆ ಬಿದ್ದಿರುತ್ತದೆ. ಭತ್ತವೂ ಹುಲ್ಲಿನ ಜಾತಿ, ಹೊಟ್ಟಿನ ಬೂದಿಯಲ್ಲಿ ಹೆಚ್ಚಿನ ಪಾಲು ಸಿಲಿಕಾನೇ. ಜಪಾನಿನಲ್ಲಿ ಕರಿದಾಗಿ ಅರೆಸುಟ್ಟ ಹೊಟ್ಟನ್ನು ಸಸಿಮಡಿಗೆ ಹಾಕುವುದು ಹಳೆ ರೂಢಿ. ಪೂರಾ ಬೂದಿಯಾದರೆ ಕ್ಷಾರ ಜಾಸ್ತಿ, ಅರೆಸುಟ್ಟದ್ದನ್ನೂ ಒಮ್ಮೆ ತೊಳೆದರೆ ಒಳ್ಳೇದು.

ಇಷ್ಟೆಲ್ಲ ಕೇಳಿದ ಗೆಳೆಯರು ಪರ್ಲೈಟ್ ಚೀಲದ ಬಾಯಿ ಕಟ್ಟಿ, "ಆತ್ರಿ, ಒಂದು ಟ್ರೇ ಹೊಟ್ಟಿಂದೂ ಹಾಕಿ ನೋಡೂಣು" ಅಂದರು. ಆಮೇಲೆ ಕೇಳಿದರು, "ಆ ದಿಬ್ಬ ಎಲ್ಲೈತ್ರೀ ಸರ, ಹುಡುಗರಿಗೆ ತೋರಿಸಬೇಕು."