ಹಸಿ ಸುರುಳಿ

ಧಾನ್ಯದ ಹಿಟ್ಟಿನಿಂದ ಮಾಡಿದ ತೆಳುವಾದ ಹಾಳೆಯೊಳಗೆ ಹಸಿಯ ತರಕಾರಿ, ಸೊಪ್ಪು, ಮೊಳಕೆಕಾಳು, ಶ್ಯಾವಿಗೆ ಮೊದಲಾದುವನ್ನಿರಿಸಿ, ಕರಿಯದೆ ಹಾಗೆಯೇ ಸುತ್ತಿ, ಹುಳಿ-ಸಿಹಿ-ಖಾರಗಳು ಕೂಡಿದ ರಸದಲ್ಲಿ ಅದ್ದಿ ತಿನ್ನುವ ಭಕ್ಷ್ಯ. ಥಾಯ್ಲೆಂಡಿನಲ್ಲಿ ಇದಕ್ಕೆ ಪೊ ಪಿಯ ಸೊತ್ ಎಂದು ಹೆಸರು. ನಮ್ಮ ನಗರಗಳಲ್ಲಿ ಫ್ರೆಶ್ ಸ್ಪ್ರಿಂಗ್ ರೋಲ್ ಎಂಬ ಹೆಸರು ರೂಢಿಯಲ್ಲಿದೆ. ಧಾರವಾಡ ಸೀಮೆಯಲ್ಲಿ ಜೋಳದ ರೊಟ್ಟಿಯನ್ನು ಹಸಿಯ ಸೊಪ್ಪಿನೊಡನೆ ಉಣ್ಣುವ ಪದ್ಧತಿಯು ಇದರ ಅತಿ ಸಮೀಪದ ದೇಶೀಯ ಬಂಧು. ಹೊರಗಿನ ಹಾಳೆಯನ್ನು ಆಯಾ ನೆಲದ ಬೆಳೆಯೂ ಒಳಗಿನ ಹೂರಣವನ್ನು ಆಯಾ ಋತುವೂ ನಿರ್ಣಯಿಸುವುದು ಈ ವರ್ಗದ ಭಕ್ಷ್ಯಗಳೆಲ್ಲಕ್ಕೂ ಸಮಾನವಾದ ಲಕ್ಷಣವಾಗಿದೆ.

ಹೆಸರು ಮತ್ತು ಮೂಲ

ಚೀನೀಯರು ವಸಂತಾರಂಭವೆಂದು ಗಣಿಸುವ ಲೀಚುನ್ ದಿನದಲ್ಲಿ, ಎಂದರೆ ಫೆಬ್ರುವರಿ 4ರ ಸುಮಾರಿಗೆ, ಹೊಸದಾಗಿ ಬಂದ ಸೊಪ್ಪುತರಕಾರಿಗಳನ್ನು ಗೋಧಿಯ ತೆಳು ರೊಟ್ಟಿಯಲ್ಲಿ ಸುತ್ತಿ ತಿನ್ನುವ ಆಚಾರವು ಪುರಾತನವಾದುದು; ಸ್ಪ್ರಿಂಗ್ ರೋಲ್ ಎಂಬ ಹೆಸರಿನಲ್ಲಿರುವುದು ಈ ವಸಂತವೇ ಹೊರತು ಸುರುಳಿ ಸುತ್ತಿದ ತಂತಿಯಲ್ಲ. ದಕ್ಷಿಣ ಚೀನದ ಕರಾವಳಿಯ ಜನರ ಮಾತಿನಲ್ಲಿ ತೆಳು ರೊಟ್ಟಿ ಎಂಬರ್ಥದ ಪೊಪಿಯ ಎಂಬ ಶಬ್ದವು ವಲಸೆಗಾರರೊಡನೆ ಮಲಯ, ಸಿಂಗಪುರ, ಥಾಯ್ಲೆಂಡುಗಳಿಗೆ ಸಾಗಿತು. ಅದಕ್ಕೆ ಥಾಯ್ ಜನರು ಸೊತ್, ಎಂದರೆ ಹಸಿಯಾದ, ಎಂಬ ವಿಶೇಷಣವನ್ನು ಸೇರಿಸಿದರು. ಥಾಯ್ ಸುರುಳಿಯ ರೂಢಿಯ ರೂಪದಲ್ಲಿ ಗೋಧಿಯ ಮೆತ್ತನೆಯ ಹಾಳೆ, ಸೌತೆಕಾಯಿ, ಹೆಸರುಕಾಳಿನ ಮೊಳಕೆ, ತೋಫು, ಮೊಟ್ಟೆ, ಚೀನೀ ಸಾಸೇಜ್ ಇವುಗಳಿದ್ದು, ಮೇಲೆ ಹುಣಸೆಯ ಮಂದವಾದ ಸಿಹಿರಸವನ್ನು ಹುಯ್ಯುವರು. ಅಗಲವಾದ ಹಸಿ ಅಕ್ಕಿಹಾಳೆಯಲ್ಲಿ ಸೊಪ್ಪುಗಳನ್ನು ಸುತ್ತುವ ಮತ್ತೊಂದು ಥಾಯ್ ಭಕ್ಷ್ಯಕ್ಕೆ, ತೋಟವನ್ನು ಹಾದುಬಂದ ಶ್ಯಾವಿಗೆ ಎಂಬರ್ಥದ ಮನೋಹರವಾದ ಹೆಸರುಂಟು. ಒಣಗಿಸಿದ ಅಕ್ಕಿಹಾಳೆಯಾದರೋ ವಿಯೆಟ್ನಾಮಿನದು. ಇಂದು ಮನೆಗಳಲ್ಲಿ ಥಾಯ್ ಸುರುಳಿಯೆಂದು ಮಾಡುವುದು ಬಹುಮಟ್ಟಿಗೆ ವಿಯೆಟ್ನಾಮಿನ ಹಾಳೆಯೂ ಥಾಯ್ ರಸವೂ ಕೂಡಿದ ಮಿಶ್ರರೂಪವಾಗಿದೆ.

ಹಾಳೆಯ ಸ್ವರೂಪ

ಅಕ್ಕಿಯ ತೆಳು ಹಿಟ್ಟನ್ನು, ಕುದಿಯುವ ನೀರಿನ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಸವರಿ, ಆವಿಯಲ್ಲಿ ಬೇಯಿಸಿ, ಬಿದಿರಿನ ತಟ್ಟಿಯ ಮೇಲೆ ಬಿಸಿಲಿಗೆ ಹರಡುವರು. ತಟ್ಟಿಯ ಹೆಣಿಗೆಯ ಗುರುತು ಒಣಗಿದ ಹಾಳೆಯ ಮೇಲೆ ಹಾಗೆಯೇ ಉಳಿದಿರುತ್ತದೆ. ಅಕ್ಕಿಯಲ್ಲಿ ಗೋಧಿಯಲ್ಲಿರುವಂಥ ಅಂಟು ಇಲ್ಲದಿದ್ದರೂ, ಶಾಖದಿಂದ ಅದರ ಪಿಷ್ಟದ ಕಣಗಳು ನೀರನ್ನು ಹೀರಿ ಉಬ್ಬಿ ಒಂದರೊಡನೊಂದು ಬೆಸೆದುಕೊಳ್ಳುವುದರಿಂದ, ಒಣಗಿದ ಮೇಲೆ ಅದು ಪಾರದರ್ಶಕವಾದ ಪೊರೆಯಾಗಿ, ಮತ್ತೆ ನೀರು ತಗುಲಿದೊಡನೆ ಬಾಗುವಂತಾಗುತ್ತದೆ.

ಜೋಳದಲ್ಲಿಯೂ ಅಂಟಿಲ್ಲ, ಆದುದರಿಂದಲೇ ರೊಟ್ಟಿಯ ಹಿಟ್ಟಿಗೆ ಕುದಿಯುವ ಎಸರನ್ನು ಹುಯ್ದು ನಾದುವರು. ಇಲ್ಲಿಯೂ ಬಂಧಕವಾಗುವುದು ಬೆಂದ ಪಿಷ್ಟವೇ. ಹಿಟ್ಟನ್ನು ಅಂಗೈಯಿಂದ ಬಡಿದು, ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆಬಟ್ಟೆಯಿಂದ ನೀರು ಸವರಿ ಬೇಯಿಸಿದರೆ ಬಿಸಿರೊಟ್ಟಿ. ಅದನ್ನೇ ತೆಳ್ಳಗೆ ಬಡಿದು ತೇವವೆಲ್ಲ ಆರುವಂತೆ ಒಣಗಿಸಿದರೆ ಹಲವು ದಿನ ಬಾಳುವ ಕಟಿರೊಟ್ಟಿ ಅಥವಾ ಖಡಕ್ ರೊಟ್ಟಿ. ಉಣ್ಣುವ ಹೊತ್ತಿಗೆ ಇದಕ್ಕೆ ನೀರು ಚಿಮುಕಿಸಿ, ಬಟ್ಟೆಯಲ್ಲಿ ಮುಚ್ಚಿಟ್ಟು ಮೆತ್ತಗೆ ಮಾಡಿಕೊಳ್ಳುವ ಬಳಕೆಯುಂಟು. ವಿಯೆಟ್ನಾಮಿನ ಅಕ್ಕಿಹಾಳೆಯನ್ನು ನೀರಿನಲ್ಲಿ ಅದ್ದುವುದೂ ಇದೇ ತತ್ತ್ವದ ಪ್ರಯೋಗವಾಗಿದೆ.

ಕನ್ನಡ ನಾಡಿನ ಸಜಾತೀಯ ಭಕ್ಷ್ಯಗಳು

ಅಕ್ಕಿಯ ಹಾಳೆಯ ವಿಷಯದಲ್ಲಿ ಶಿರಸಿ, ಸಿದ್ದಾಪುರ, ಸಾಗರಗಳ ಮಲೆನಾಡಿನ ತೊಡೆದೇವು ಗಮನಾರ್ಹವಾದುದು. ಅಕ್ಕಿಹಿಟ್ಟನ್ನು ಕಬ್ಬಿನ ಹಾಲಿನಲ್ಲಿ ಕಲಸಿ, ಒಲೆಯ ಮೇಲೆ ಬೋರಲಾಗಿಸಿದ ಮಡಕೆಯ ಬಿಸಿಯಾದ ಬೆನ್ನಿಗೆ ಬಟ್ಟೆಯಿಂದ ತೊಡೆದು, ಎಂದರೆ ಬಳಿದು, ಕಾಗದದಷ್ಟು ತೆಳ್ಳಗೆ ಎಬ್ಬಿಸಿ ಮಡಿಸುವರು. ಇದು ಆಲೆಮನೆಯ ಕಾಲದ ಸಿಹಿತಿನಿಸು, ಇದರಲ್ಲಿ ಹೂರಣವಿಲ್ಲ.

ಹೂರಣದ ವಿಷಯದಲ್ಲಿ ಸಾಮ್ಯವಿರುವುದು ಬಯಲುಸೀಮೆಯೊಡನೆ. ಹಸಿಯ ಮೆಂತ್ಯಪಲ್ಯ, ಹಕ್ಕರಕಿ, ಮೂಲಂಗಿ, ಸೌತೆಕಾಯಿ, ಉಳ್ಳಾಗಡ್ಡಿ ಇವುಗಳನ್ನು ಗುರೆಳ್ಳು ಅಥವಾ ಶೇಂಗಾ ಚಟ್ನಿಯೊಡನೆ ರೊಟ್ಟಿಗೆ ಹಚ್ಚಿಕೊಂಡು ಉಣ್ಣುವುದು ಇಲ್ಲಿಯ ನಿತ್ಯದ ಊಟ. ಎಳ್ಳ ಅಮಾವಾಸ್ಯೆಯಂದು ಎರೆಹೊಲದಲ್ಲಿ ಚರಗ ಚೆಲ್ಲಿದ, ಎಂದರೆ ನೈವೇದ್ಯದ ಅಡುಗೆಯನ್ನು ಹೊಲಕ್ಕೆ ಎರಚಿದ, ತರುವಾಯ ನಡೆಯುವ ಬುತ್ತಿಯ ಊಟದಲ್ಲಿ ಈ ಸೊಪ್ಪುಗಳು ತಮ್ಮ ಪೂರ್ಣವಾದ ಸೊಗಸಿನಲ್ಲಿರುವುವು. ಚೀನೀಯರ ವಸಂತದ ರೊಟ್ಟಿಗೂ ನಮ್ಮ ಚಳಿಗಾಲದ ಈ ಊಟಕ್ಕೂ ಇರುವ ಅಂತರ ಕೆಲವೇ ವಾರಗಳದು.

ದುರ್ಗದಬೈಲ್

ಹುಬ್ಬಳ್ಳಿಯಲ್ಲಿ ಈ ಸುರುಳಿಯ ಸಾಮಗ್ರಿಗಳು ದೊರೆಯುವ ಪೇಟೆ ದುರ್ಗದಬೈಲ್. 18ನೆಯ ಶತಮಾನದಲ್ಲಿ, ಸವಣೂರು ನವಾಬರ ಕಾಲದಲ್ಲಿ, ವರ್ತಕ ಬಸಪ್ಪ ಶೆಟ್ಟರು ಕೋಟೆಯ ಬಯಲಿನ ಸುತ್ತ ಹೊಸ ಹುಬ್ಬಳ್ಳಿಯನ್ನು ಕಟ್ಟಿಸಿದರು. ದುರ್ಗವು ಅಳಿದರೂ ಬಯಲು ಹೆಸರಿನಲ್ಲಿ ಉಳಿದು, ಇಂದು ಈ ಪ್ರದೇಶವು ಹುಬ್ಬಳ್ಳಿಯ ಜನನಿಬಿಡವಾದ ಪೇಟೆಯಾಗಿದೆ. ಸಾಯಂಕಾಲ ಇಲ್ಲಿಯ ತಿಂಡಿಯ ಗಾಡಿಗಳಲ್ಲಿ ಮಿರ್ಚಿಭಜಿಯೊಡನೆ ದೊರೆಯುವ ಗಿರ್ಮಿಟ್‌ನಲ್ಲಿ, ಚುರುಮರಿ ಮತ್ತು ಪುಠಾಣಿ ಹಿಟ್ಟಿಗೆ ಹುಣಸೆಹುಳಿಯ ಒಗ್ಗರಣೆಯೂ ಹಸಿಯ ಉಳ್ಳಾಗಡ್ಡಿ-ಕೊತ್ತಂಬರಿಗಳೂ ಕೂಡುವುದರಿಂದ, ಬೆಂದುದರೊಡನೆ ಹಸಿಯದನ್ನು ಬೆರೆಸಿ ತಿನ್ನುವ ರುಚಿಯು ಊರಿನವರಿಗೆ ಮೊದಲೇ ಪರಿಚಿತವಾದುದು. ಈ ಪೇಟೆಯಿಂದ ತರುವ ಸೌತೆಕಾಯಿ, ಗಜ್ಜರಿ, ಪುದೀನ, ಶೇಂಗಾ, ಹುಣಸೆ, ಬೆಲ್ಲಗಳಿಂದಲೇ ಸುರುಳಿಯ ಹೂರಣವೂ ರಸವೂ ಸಿದ್ಧವಾಗುವುವು. ದೊಡ್ಡ ಅಂಗಡಿಗಳಲ್ಲಿ ಹುಡುಕಬೇಕಾದದ್ದು ಅಕ್ಕಿಹಾಳೆಯೊಂದೇ.

ಮಾಡುವ ಕ್ರಮ

ಎಂಟು ಸುರುಳಿಗಳಿಗೆ ಸುಮಾರು 22 ಸೆಂ.ಮೀ. ವ್ಯಾಸದ ಎಂಟು ಹಾಳೆಗಳು ಬೇಕು. ಒಂದು ಸೌತೆಕಾಯಿ, ಎರಡು ಗಜ್ಜರಿಗಳನ್ನು ಬೆರಳುದ್ದದ ಎಳೆಗಳಾಗಿ ಹೆಚ್ಚಿ, ಹೆಸರುಕಾಳಿನ ಮೊಳಕೆ, ಉಳ್ಳಾಗಡ್ಡಿಯ ತಪ್ಪಲು, ಕೊತ್ತಂಬರಿ, ಪುದೀನ, ಬೇಯಿಸಿ ಆರಿಸಿದ 100 ಗ್ರಾಂ ಅಕ್ಕಿ ಶ್ಯಾವಿಗೆ ಇವನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಬೇಕು. ಬೆಂಕಿಯ ಸಂಸ್ಕಾರವಿಲ್ಲದ ಭಕ್ಷ್ಯವಾದ ಕಾರಣ ಸೊಪ್ಪನ್ನು ಹಲವು ಸಲ ಶುದ್ಧವಾದ ನೀರಿನಲ್ಲಿ ತೊಳೆದು, ನೀರಿನ ಪಸೆ ಉಳಿಯದಂತೆ ಬಟ್ಟೆಯ ಮೇಲೆ ಆರಿಸುವುದು ಅವಶ್ಯಕ. ಪಸೆ ಉಳಿದರೆ ಹಾಳೆಯು ಹರಿಯುತ್ತದೆ.

ಅಗಲವಾದ ತಾಟಿನಲ್ಲಿ ಉಗುರುಬೆಚ್ಚಗಿನ ನೀರನ್ನಿಟ್ಟು, ಒಂದು ಹಾಳೆಯನ್ನು ಕೆಲವೇ ಕ್ಷಣ ಅದ್ದಿ, ಇನ್ನೂ ತುಸು ಬಿಗಿಯಿರುವಾಗಲೇ ಹೊರತೆಗೆದು ಒದ್ದೆಮಾಡಿದ ಮಣೆಯ ಮೇಲೆ ಹಾಸಬೇಕು. ಹೂರಣವಿಡುವಷ್ಟರಲ್ಲಿ ಅದು ತಾನಾಗಿಯೇ ಮೆತ್ತಗಾಗುತ್ತದೆ. ತನ್ನ ಕಡೆಯ ಅಂಚಿನ ಸಮೀಪದಲ್ಲಿ ಹೂರಣವನ್ನು ಅಡ್ಡಲಾಗಿ ಇಟ್ಟು, ಒಂದು ಸುತ್ತು ಬಿಗಿಯಾಗಿ ಸುತ್ತಿ, ಎರಡು ಪಕ್ಕಗಳನ್ನು ಒಳಕ್ಕೆ ಮಡಿಸಿ, ಕೊನೆಯವರೆಗೆ ಉರುಳಿಸಿದರೆ ಸುರುಳಿಯು ಸಿದ್ಧ. ಹಾಳೆಯ ಬದಲು ಬಿಸಿರೊಟ್ಟಿಯನ್ನು ಬಳಸುವುದಾದರೆ, ಆವಿಯಿರುವಾಗಲೇ ಬೆಣ್ಣೆ ಸವರಿ ಸುತ್ತಬೇಕು. ಆರಿದ ರೊಟ್ಟಿಯು ಮುರಿಯುತ್ತದೆ.

ರಸ

ನೆಲ್ಲಿಕಾಯಿಯಷ್ಟು ಹುಣಸೆಯನ್ನು ಬಿಸಿನೀರಿನಲ್ಲಿ ಕಿವುಚಿ, ಅದರ ಎರಡರಷ್ಟು ಬೆಲ್ಲ, ಜಜ್ಜಿದ ಬೆಳ್ಳುಳ್ಳಿ, ಬ್ಯಾಡಗಿ ಮೆಣಸಿನಕಾಯಿ, ಉಪ್ಪು ಸೇರಿಸಿ ಮಂದವಾಗುವವರೆಗೆ ಕುದಿಸಿ, ಹುರಿದ ಶೇಂಗಾಪುಡಿಯನ್ನು ಬೆರೆಸುವುದು. ಬ್ಯಾಡಗಿ ಮೆಣಸಿನಕಾಯಿಯು ಖಾರಕ್ಕಿಂತ ಬಣ್ಣವನ್ನೇ ಹೆಚ್ಚಾಗಿ ಕೊಡುವುದರಿಂದ, ಥಾಯ್ ಅಡುಗೆಯ ತೀಕ್ಷ್ಣತೆ ಬೇಕಾದವರು ಹಸಿಮೆಣಸಿನಕಾಯಿಯನ್ನೂ ಹೆಚ್ಚಿ ಹಾಕಬಹುದು. ಥಾಯ್ಲೆಂಡು, ಹುಬ್ಬಳ್ಳಿ ಎರಡು ಕಡೆಯೂ ಸ್ವಂತದ್ದೆಂದು ತೋರುವ ಈ ರಸದಲ್ಲಿ ಹುಣಸೆಯು ಆಫ್ರಿಕ ಮೂಲದ್ದು, ಮೆಣಸಿನಕಾಯಿ-ಶೇಂಗಾಗಳು ಅಮೆರಿಕ ಖಂಡದವು.

ಸೇವನೆ

ಮಾಡಿದ ಸುರುಳಿಗಳನ್ನು ಒಂದಕ್ಕೊಂದು ತಗಲದಂತೆ ಇರಿಸಿ ಒದ್ದೆಬಟ್ಟೆಯಿಂದ ಮುಚ್ಚಬೇಕು. ತೆರೆದಿಟ್ಟರೆ ಹಾಳೆಯು ಒಣಗಿ ಗಡುಸಾಗುತ್ತದೆ. ಶೀತಕಪೆಟ್ಟಿಗೆಯಲ್ಲಿ ಬಹಳ ಹೊತ್ತಿಟ್ಟರೂ ಇದೇ ಗತಿ. ಒಣಹಾಳೆಯಾಗಲಿ ಕಟಿರೊಟ್ಟಿಯಾಗಲಿ ಬಹುಕಾಲ ಬಾಳುವಂಥವಾದರೂ, ಹಸಿಯ ಹೂರಣವನ್ನು ಒಳಗೊಂಡ ಮೇಲೆ ಅವುಗಳ ಆಯುಸ್ಸು ಆ ಸೊಪ್ಪಿನ ಆಯುಸ್ಸಿನಷ್ಟೇ ಆದುದರಿಂದ, ಸುತ್ತಿದ ಹೊತ್ತಿನಲ್ಲಿಯೇ ತಿನ್ನುವುದು ಥಾಯ್ಲೆಂಡು, ಕನ್ನಡ ನಾಡು ಎರಡರಲ್ಲಿಯೂ ರೂಢಿಯಾಗಿದೆ.