ಅರಸೊತ್ತಿಗೆ ಅಳಿದ ಮೇಲೆ ಆಲಯ

ಚಾಮರಾಜನಗರ ಸೀಮೆಯ ಉಮ್ಮತ್ತೂರು ಈಗ ಒಂದು ಗ್ರಾಮ. ಹದಿನೈದು ಹದಿನಾರನೆಯ ಶತಮಾನಗಳಲ್ಲಿ ಇದು ಬಲಿಷ್ಠರಾದ ಅರಸುಮನೆತನವೊಂದರ ನೆಲೆಯಾಗಿದ್ದಿತೆಂದರೆ ಹೊಸಬರಿಗೆ ಆಶ್ಚರ್ಯವೆನಿಸೀತು. ಇಲ್ಲಿಯ ಗಂಗರಾಜನು ವಿಜಯನಗರಕ್ಕೇ ಎದುರು ನಿಂತನು. 1509ರಲ್ಲಿ ಪಟ್ಟವೇರಿದ ಕೃಷ್ಣದೇವರಾಯನು ತನ್ನ ಮೊದಮೊದಲ ದಂಡಯಾತ್ರೆಗಳಲ್ಲೊಂದನ್ನು ಅವನ ಮೇಲೆಯೇ ನಡೆಸಿ ಶಿವನಸಮುದ್ರದ ಕೋಟೆಯನ್ನು ಹಿಡಿದನು. 1613ರಲ್ಲಿ ಮೈಸೂರಿನ ರಾಜ ಒಡೆಯರು ಉಮ್ಮತ್ತೂರನ್ನು ತಮ್ಮ ರಾಜ್ಯಕ್ಕೆ ಸೇರಿಸಿಕೊಂಡರು. ಅರಸೊತ್ತಿಗೆ ಹೋಯಿತು, ಭುಜಂಗೇಶ್ವರನ ಗುಡಿ ಉಳಿಯಿತು. ಆಳುವವರು ಅಳಿದ ಮೇಲೂ ಆಲಯವು ಉಳಿಯುವುದು ಕಲ್ಲಿನ ಬಲದಿಂದಲೇ?

ಈ ಪ್ರಶ್ನೆಗೆ ಅದೇ ಕಾಲದ ಮತ್ತೊಂದು ರಾಜಧಾನಿ ಉತ್ತರ ಕೊಡುತ್ತದೆ. ಅದು ಪೋರ್ಚುಗೀಸರ ಹಳೆಯ ಗೋವೆ. ರಾಜ ಒಡೆಯರ ವಿಜಯಕ್ಕೆ ಎಂಟು ವರ್ಷ ಮೊದಲು, 1605ರಲ್ಲಿ, ಅಲ್ಲಿ ಬೊಂ ಜೀಸಸ್ ಎಂಬ ಇಗರ್ಜಿಯು ಪ್ರತಿಷ್ಠಿತವಾಯಿತು. ಯೂರೋಪಿನಲ್ಲಿ ಆಗ ಬರೋಕ್ ಎಂಬ ವಾಸ್ತುಶೈಲಿಯು ತಲೆಯೆತ್ತುತ್ತಿದ್ದಿತು. ಪ್ರಾಟೆಸ್ಟಂಟರ ವಿರೋಧವನ್ನು ಎದುರಿಸುತ್ತಿದ್ದ ಕ್ಯಾಥೊಲಿಕ್ ಧರ್ಮಪೀಠವು ಭಕ್ತನ ಮನಸ್ಸನ್ನು ಕಣ್ಣಿನ ಮೂಲಕ ಗೆಲ್ಲಬಯಸಿತು. ತಿರುಚಿದ ಕಂಬ, ಬಳುಕುವ ರೇಖೆ, ಬೆಳಕು ನೆರಳುಗಳ ಆಟ, ಚಿನ್ನದ ಲೇಪ, ಇವೆಲ್ಲ ಆ ಶೈಲಿಯ ಸಾಧನಗಳು. ಬೊಂ ಜೀಸಸಿನ ಹೊರಮೈ ಗಾರೆಯಿಲ್ಲದ ಜಂಬಿಟ್ಟಿಗೆ ಕಲ್ಲು. ಒಳಹೊಕ್ಕರೆ ಎತ್ತರಕ್ಕೇರುವ ಸುವರ್ಣಮಯ ಪೂಜಾಪೀಠ, ಅದರಲ್ಲಿ ಸಂತ ಇಗ್ನೇಷಿಯಸನ ವಿಗ್ರಹ.

ಕಾಲಕ್ರಮದಲ್ಲಿ ಸಾಂಕ್ರಾಮಿಕ ರೋಗಗಳು ಆ ನಗರವನ್ನು ಬರಿದುಮಾಡಿದವು. ರಾಜಧಾನಿ ಪಣಜಿಗೆ ಸರಿಯಿತು. ಸಮೀಪದ ಗುಡ್ಡದ ಮೇಲೆ ಅಗಸ್ಟೀನ್ ಪಂಥದ ಸಂನ್ಯಾಸಿಗಳ ಭವ್ಯವಾದ ಮಠವಿದ್ದಿತು. 1835ರಲ್ಲಿ ಸರ್ಕಾರವು ಸಂನ್ಯಾಸಿ ಸಂಘಗಳನ್ನು ಹೊರಗಟ್ಟಲು ಅದು ಪಾಳುಬಿದ್ದಿತು. 1842ರಲ್ಲಿ, ಎಂದರೆ ಏಳೇ ವರ್ಷಗಳಲ್ಲಿ, ಅದರ ಇಗರ್ಜಿಯ ಕಮಾನು ಚಾವಣಿಯು ಕುಸಿಯಿತು. ಅರ್ಧ ಸೀಳಿದ ಗೋಪುರವೊಂದು ಇಂದಿಗೂ ನಿಂತಿದೆ. ಅದೂ ಜಂಬಿಟ್ಟಿಗೆ ಕಲ್ಲಿನದೇ! ಬೊಂ ಜೀಸಸನ್ನು ಕಟ್ಟಿದ ಜೆಸುಯಿಟರೂ 1759ರಲ್ಲಿ ಹೊರದೂಡಲ್ಪಟ್ಟರು. ಆದರೆ ಸಂತ ಫ್ರಾನ್ಸಿಸ್ ಕ್ಸೇವಿಯರನ ಶರೀರವಿರುವ ಆ ಇಗರ್ಜಿಗೆ ಯಾತ್ರಿಕರು ಬರುವುದು ನಿಲ್ಲಲಿಲ್ಲ. ಅದು ಬೀಳಲೂ ಇಲ್ಲ. ಕಲ್ಲು ಒಂದೇ, ಗತಿ ಎರಡು.

ಇನ್ನು ನಮ್ಮ ಸೀಮೆಗೆ ಮರಳೋಣ. ಅರಿಕುಠಾರವೆಂಬ ಊರಿನಲ್ಲಿ 1774ರಲ್ಲಿ ಜನಿಸಿದ ಚಾಮರಾಜ ಒಡೆಯರ ನೆನಪಿಗಾಗಿ, ಅವರ ಪುತ್ರರಾದ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಆ ಊರಿಗೆ ಚಾಮರಾಜನಗರವೆಂದು ಹೆಸರಿಟ್ಟರು. 1826ರಲ್ಲಿ ಊರ ನಡುವೆ ಚಾಮರಾಜೇಶ್ವರ ದೇವಾಲಯವನ್ನು ಕಟ್ಟಿಸಿದರು. ಲಿಂಗಕ್ಕೆ ತಂದೆಯ ಹೆಸರು. ಕೆಂಪನಂಜಾಂಬೆಯೆಂದು ದೇವಿಗೆ ತಾಯಿಯ ಹೆಸರು. ದೇವಾಲಯದ ವೆಚ್ಚಕ್ಕೆ ದತ್ತಿಯಾಗಿ ದೊರೆತ ಊರು ಯಾವುದು? ಉಮ್ಮತ್ತೂರು! ಒಂದು ಕಾಲಕ್ಕೆ ಮೈಸೂರಿನ ಪ್ರತಿಸ್ಪರ್ಧಿಯಾಗಿದ್ದ ನೆಲದ ಬೆಳೆಯು ಮೈಸೂರರಸರ ತಂದೆಯ ಹೆಸರಿನ ದೇವರಿಗೆ ನೈವೇದ್ಯವಾಯಿತು. ಗೆದ್ದ ಅರಸರಿಗೂ ಒಂದು ಮಾತು ತಿಳಿದಿದ್ದಿತು: ಗೋಪುರವನ್ನು ಎತ್ತಿದರೆ ಸಾಲದು, ನಿತ್ಯದೀಪದ ಎಣ್ಣೆಗೂ ದಾರಿ ಮಾಡಬೇಕು.

1955ರ ಕಾನೂನಿನಿಂದ ಮೈಸೂರು ರಾಜ್ಯದ ಧಾರ್ಮಿಕ ಇನಾಮುಗಳು ರದ್ದಾದವು. ಭೂಮಿಯು ಉಳುವವನ ಹತ್ತಿರ ಬಂದುದು ನ್ಯಾಯವೇ ಸರಿ. ಆದರೆ ಒಂದು ಗ್ರಾಮವು ಹೊತ್ತಿದ್ದ ಭಾರ ಅಂದಿನಿಂದ ಎಲ್ಲರದಾಯಿತು. ಸಂರಕ್ಷಣೆಯೆಂದರೆ ಬಿರುಕಿಗೆ ಗಾರೆ ಮೆತ್ತುವುದಷ್ಟೇ ಎಂದು ನಗರವಾಸಿಗಳಾದ ನಾವು ಭಾವಿಸುವುದುಂಟು. ಗೋವೆಯ ಸೀಳುಗೋಪುರವು ಬೇರೊಂದನ್ನು ಹೇಳುತ್ತದೆ: ಜನರ ಕಾಲಸಪ್ಪಳ ನಿಂತ ಆಲಯವನ್ನು ಕಲ್ಲು ಬಹುಕಾಲ ಹಿಡಿದಿಡಲಾರದು.