ಸೇಲಂ: ಮಾಟಗಾತಿಯರೇ ಇಲ್ಲದ ಊರಿನ ಹಬ್ಬ

ಶನಿವಾರ ಸೇಲಂಗೆ ಹೊರಟಿದ್ದೇವೆ ಎಂದು ಫೋನಿನಲ್ಲಿ ಹೇಳಿದಾಗ ಅಮ್ಮ, “ಇಂಡಿಯಾಕ್ಕೆ ಯಾವಾಗ ಬಂದ್ರಿ?” ಎಂದು ಗಾಬರಿಯಾದರು. ಇದು ಮಾವಿನಹಣ್ಣಿನ ಸೇಲಂ ಅಲ್ಲ, ಮ್ಯಾಸಚೂಸೆಟ್ಸ್‌ನ ಸೇಲಂ ಎಂದು ವಿವರಿಸಬೇಕಾಯಿತು. ಕೆಲಸದ ನಿಮಿತ್ತ ಬಾಸ್ಟನ್‌ಗೆ ಬಂದು ನಮಗಿನ್ನೂ ಮೂರು ತಿಂಗಳು. ಹ್ಯಾಲೋವೀನ್ ನೋಡಬೇಕೆಂದರೆ ಸೇಲಂಗೇ ಹೋಗಬೇಕು ಎಂದು ಆಫೀಸಿನಲ್ಲಿ ಎಲ್ಲರದೂ ಒಂದೇ ಮಾತು. ಸರಿ, ಮಗಳಿಗೆ ಕರೀ ಚೂಪು ಟೊಪ್ಪಿ ಹಾಕಿಸಿ, ಚೀಲದಲ್ಲಿ ಪುಳಿಯೋಗರೆ ತುಂಬಿಕೊಂಡು ನಾರ್ತ್ ಸ್ಟೇಷನ್‌ನಿಂದ ರೈಲು ಹತ್ತಿದೆವು. ಅರ್ಧ ಗಂಟೆಯ ದಾರಿ.

ಸುಮಾರು 44 ಸಾವಿರ ಜನರ ಊರು. 2022ರ ಅಕ್ಟೋಬರ್ ಒಂದರಲ್ಲೇ ಹತ್ತು ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರಂತೆ! ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ದೆವ್ವ, ಅಸ್ಥಿಪಂಜರ, ಪೊರಕೆ ಹಿಡಿದ ಮುದುಕಿಯರು. ಪೊಲೀಸ್ ಕಾರಿನ ಮೇಲೂ ಮಾಟಗಾತಿಯ ಚಿತ್ರ. ನಮಗೆ ನೆನಪಾದದ್ದು ತೊಂಬತ್ತರ ದಶಕದ ಬೆಂಗಳೂರು. ರಾತ್ರಿ ಬಾಗಿಲು ತಟ್ಟುವ ದೆವ್ವ ವಾಪಸು ಹೋಗಲೆಂದು ಮನೆಮನೆಯ ಬಾಗಿಲ ಮೇಲೆ “ನಾಳೆ ಬಾ” ಎಂದು ಬರೆದಿದ್ದ ಕಾಲ. ಹೆದರಿಕೆಯಲ್ಲೂ ಒಂದು ಮಜಾ ಇತ್ತು.

ಆದರೆ ಈ ಊರಿಗೂ ಹ್ಯಾಲೋವೀನ್‌ಗೂ ಮೂಲದಲ್ಲಿ ಯಾವ ಸಂಬಂಧವೂ ಇಲ್ಲ. ಈ ಹಬ್ಬದ ಬೇರು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯದು. 1840ರ ದಶಕದ ಆಲೂಗಡ್ಡೆ ಬರಗಾಲದ ನಂತರ ಗುಂಪುಗುಂಪಾಗಿ ವಲಸೆ ಬಂದ ಐರಿಷ್ ಜನ ಅದನ್ನು ಇಲ್ಲಿ ಬೆಳೆಸಿದರು. ಅಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಇಲ್ಲಿ ಕುಂಬಳಕಾಯಿ ಸಿಕ್ಕಿತು. ಸೇಲಂನ ಹಳೆಯ ಪ್ಯೂರಿಟನ್ನರಿಗಂತೂ ಹಬ್ಬವೆಂದರೇ ಆಗದು. ಮ್ಯಾಸಚೂಸೆಟ್ಸ್‌ನಲ್ಲಿ 1659ರಿಂದ 1681ರವರೆಗೆ ಕ್ರಿಸ್‌ಮಸ್ ಆಚರಿಸಿದರೂ ಐದು ಶಿಲ್ಲಿಂಗ್ ದಂಡವಿತ್ತು.

ಹಾಗಾದರೆ ಇಲ್ಲಿ ನಡೆದದ್ದೇನು? 1692ರ ಚಳಿಗಾಲದಲ್ಲಿ ಸೇಲಂ ವಿಲೇಜ್‌ನ (ಇಂದಿನ ಡ್ಯಾನ್‌ವರ್ಸ್) ಪಾದ್ರಿ ಸ್ಯಾಮ್ಯುಯೆಲ್ ಪ್ಯಾರಿಸ್ ಮನೆಯ ಇಬ್ಬರು ಹುಡುಗಿಯರು ಮೈಮೇಲೆ ಬಂದವರಂತೆ ಆಡತೊಡಗಿದರು. ವೈದ್ಯರು ಇದು ದುಷ್ಟಶಕ್ತಿಯ ಕೆಲಸ ಎಂದರು. ಯಾರು ಮಾಡಿದ್ದು ಎಂಬ ಪ್ರಶ್ನೆ ಹುಟ್ಟಿದ್ದೇ ತಡ, ಊರಿನ ಹಳೆಯ ಜಗಳ, ಜಮೀನಿನ ತಂಟೆ, ಉತ್ತರದ ಗಡಿಯಲ್ಲಿನ ಯುದ್ಧದ ಭಯ ಎಲ್ಲ ಸೇರಿಕೊಂಡವು. ಮೊದಲು ಸಿಕ್ಕಿಬಿದ್ದವರಲ್ಲಿ ಮನೆಯ ಗುಲಾಮ ಹೆಂಗಸು ಟಿಟುಬಾ ಮತ್ತು ಭಿಕ್ಷೆ ಬೇಡುತ್ತಿದ್ದ ಸಾರಾ ಗುಡ್ ಇದ್ದರು. ಸಾರಾಳ ನಾಲ್ಕೈದು ವರ್ಷದ ಮಗಳಿಗೂ ಸರಪಳಿ ಹಾಕಿ ಜೈಲಿಗೆ ತಳ್ಳಿದರು. ಕೊನೆಗೆ ಆರೋಪ ಹೊತ್ತವರು ನೂರೈವತ್ತಕ್ಕೂ ಹೆಚ್ಚು.

ಕೋರ್ಟು ಒಪ್ಪಿಕೊಂಡ ಸಾಕ್ಷ್ಯ ಎಂಥದ್ದು ಗೊತ್ತೆ? “ಆಕೆಯ ಛಾಯೆ ಬಂದು ನನ್ನನ್ನು ಚಿವುಟಿತು” ಎಂದು ಯಾರಾದರೂ ಹೇಳಿದರೆ ಸಾಕು. ಆ ಹೊತ್ತಿನಲ್ಲಿ ಆಕೆ ತನ್ನ ಮನೆಯಲ್ಲೇ ಇದ್ದಳೆಂದು ಹತ್ತು ಜನ ಹೇಳಿದರೂ ಪ್ರಯೋಜನವಿಲ್ಲ, ಬಂದದ್ದು ಛಾಯೆ ತಾನೆ! ಸುಳ್ಳೆಂದು ತೋರಿಸಲು ದಾರಿಯೇ ಇಲ್ಲದ ಸಾಕ್ಷ್ಯ. ದಿನವಿಡೀ ಪ್ರೋಗ್ರಾಂಗಳ ತಪ್ಪು ಹುಡುಕುವ ನಮ್ಮಂಥವರಿಗೆ ಇದಕ್ಕಿಂತ ಭಯಂಕರವಾದ ದೆವ್ವ ಬೇರೆ ಕಾಣಲಿಲ್ಲ.

ಇನ್ನೂ ವಿಚಿತ್ರವೆಂದರೆ, “ಹೌದು, ನಾನು ಮಾಟಗಾತಿ” ಎಂದು ಒಪ್ಪಿ ಅದಕ್ಕೇ ಅಂಟಿಕೊಂಡವರು ಯಾರೂ ನೇಣಿಗೇರಲಿಲ್ಲ. “ಅಲ್ಲ” ಎಂದವರು ಸತ್ತರು. 71 ವರ್ಷದ ರೆಬೆಕಾ ನರ್ಸ್ ನಿರ್ದೋಷಿ ಎಂದು ಪಂಚರು ಮೊದಲು ತೀರ್ಪು ಕೊಟ್ಟರು, ನಂತರ ಅದನ್ನೇ ತಿರುಗಿಸಿ ಅಪರಾಧಿ ಎಂದರು. ಒಟ್ಟು 19 ಜನರಿಗೆ ನೇಣು, ಅವರಲ್ಲಿ ಐವರು ಗಂಡಸರು. ವಿಚಾರಣೆಗೆ ಒಪ್ಪದ ಮುದುಕ ಗೈಲ್ಸ್ ಕೋರಿಯನ್ನು ಮೈಮೇಲೆ ಕಲ್ಲು ಹೇರಿ ಕೊಂದರು. ಅಂದರೆ, ಸುಳ್ಳು ಹೇಳಿ ಜೀವ ಉಳಿಸಿಕೊಳ್ಳಲು ಒಪ್ಪದವರ ಊರು ಇದು. ಅವರನ್ನೇ ನಾವು ಇಂದು ಪೊರಕೆಯ ಮೇಲೆ ಕೂರಿಸಿ ಅಂಗಿಯ ಮೇಲೆ ಅಚ್ಚು ಹಾಕಿಸಿದ್ದೇವೆ!

ಊರಿಗೆ ಈ ವೇಷ ಅಂಟಿದ್ದು ಬಹಳ ತಡವಾಗಿ. 1970ರಲ್ಲಿ ‘ಬಿವಿಚ್ಡ್’ ಎಂಬ ಟಿವಿ ಧಾರಾವಾಹಿಯ ಕೆಲವು ಕಂತುಗಳ ಶೂಟಿಂಗ್ ಇಲ್ಲಿ ನಡೆಯಿತು. 1982ರಲ್ಲಿ ಅಕ್ಟೋಬರ್ ಉತ್ಸವ ಶುರುವಾಯಿತು. ಸತ್ತವರಿಗೆ ಒಂದು ಸ್ಮಾರಕ ಬಂದದ್ದು ಮಾತ್ರ 1992ರಲ್ಲಿ, ಸರಿಯಾಗಿ 300 ವರ್ಷಗಳ ಮೇಲೆ.

ಮಧ್ಯಾಹ್ನ ಆ ಸ್ಮಾರಕದ ಹತ್ತಿರ ಹೋದೆವು. ಹಳೆಯ ಸ್ಮಶಾನದ ಪಕ್ಕ ಒಂದು ಗಿಡ್ಡ ಕಲ್ಲುಗೋಡೆ, ಅದರಿಂದ ಚಾಚಿಕೊಂಡ 20 ಕಲ್ಲುಬೆಂಚು. ಒಂದೊಂದರ ಮೇಲೆ ಒಂದೊಂದು ಹೆಸರು, ಸತ್ತ ರೀತಿ, ತಾರೀಖು. ಒಳಗೆ ಕಾಲಿಡುವಲ್ಲಿ ಹಾಸಿದ ಕಲ್ಲುಗಳ ಮೇಲೆ, ತಾವು ನಿರಪರಾಧಿ ಎಂದು ಅವರು ಕೋರ್ಟಿನಲ್ಲಿ ಹೇಳಿಕೊಂಡ ಮಾತುಗಳು. ಗೋಡೆ ಬಂದಲ್ಲಿ ಆ ಮಾತು ಅರ್ಧಕ್ಕೇ ನಿಲ್ಲುತ್ತದೆ. ಮಗಳು ಹೆಸರುಗಳನ್ನು ಒಂದೊಂದಾಗಿ ಓದಿ, “ಇವರಲ್ಲಿ ನಿಜವಾದ ಮಾಟಗಾತಿ ಯಾರು?” ಎಂದು ಕೇಳಿದಳು. ಯಾರೂ ಅಲ್ಲ ಎಂದೆವು. “ಮತ್ತೆ ನನಗ್ಯಾಕೆ ಈ ಟೊಪ್ಪಿ?” ಅಂದಳು. ಉತ್ತರ ಹೊಳೆಯಲಿಲ್ಲ.

ಆ ಕೋರ್ಟನ್ನು ಗವರ್ನರ್ ವಿಲಿಯಂ ಫಿಪ್ಸ್ ವಿಸರ್ಜಿಸಿದ್ದು, ಆಗಿನ ಪಂಚಾಂಗದಂತೆ, 1692ರ ಅಕ್ಟೋಬರ್ 29ರಂದು. ಹ್ಯಾಲೋವೀನ್‌ಗೆ ಎರಡೇ ದಿನ ಮುಂಚೆ. ಈ ಊರಿಗೆ ಅಕ್ಟೋಬರಿನಲ್ಲಿ ಹಬ್ಬ ಮಾಡಲು ನಿಜವಾದ ಕಾರಣ ಇದ್ದರೆ ಅದು ಇದೇ ಇರಬೇಕು. 1697ರಲ್ಲಿ ನ್ಯಾಯಾಧೀಶ ಸ್ಯಾಮ್ಯುಯೆಲ್ ಸಿವಾಲ್ ಚರ್ಚಿನಲ್ಲಿ ಎಲ್ಲರೆದುರು ಎದ್ದು ನಿಂತು ತಪ್ಪೊಪ್ಪಿಕೊಂಡರು. 1711ರಲ್ಲಿ ಹಲವು ಕುಟುಂಬಗಳಿಗೆ ಪರಿಹಾರ ಸಿಕ್ಕಿತು. ಆದರೂ ಎಲಿಜಬೆತ್ ಜಾನ್ಸನ್ ಎಂಬಾಕೆಯ ಹೆಸರು ಅಪರಾಧಿಗಳ ಪಟ್ಟಿಯಲ್ಲೇ ಉಳಿದುಬಿಟ್ಟಿತ್ತು. ನಾರ್ತ್ ಆಂಡೋವರ್‌ನ ಎಂಟನೇ ತರಗತಿ ಮಕ್ಕಳು ಪಟ್ಟು ಹಿಡಿದದ್ದರಿಂದ 2022ರಲ್ಲಿ ಅದೂ ಅಳಿಯಿತು. 330 ವರ್ಷ ಬೇಕಾಯಿತು!

ನಾವೇನು ಬುದ್ಧಿವಂತರೆಂದು ನಗುವ ಹಾಗಿಲ್ಲ. ನಮ್ಮ ಕರ್ನಾಟಕದಲ್ಲೂ ಮಾಟಮಂತ್ರದ ಹೆಸರಿನಲ್ಲಿ ನಡೆಯುವ ಹಿಂಸೆ ತಡೆಯಲು 2017ರಲ್ಲಿ ಒಂದು ಕಾಯಿದೆಯೇ ಬೇಕಾಯಿತು. “ನಾಳೆ ಬಾ” ಬರೆದ ನಮಗೆ ತಮಾಷೆಯಾಗಿದ್ದದ್ದು, ಊರಾಚೆ ಒಂಟಿಯಾಗಿದ್ದ ಯಾವ ಮುದುಕಿಗೆ ಏನಾಯಿತೋ.

ನೀವೂ ಸೇಲಂಗೆ ಖಂಡಿತ ಹೋಗಿ. ಮಕ್ಕಳಿಗೆ ವೇಷ ಹಾಕಿಸಿ, ಬಿಸಿಬಿಸಿ ಸೇಬಿನ ಸೈಡರ್ ಕುಡಿಸಿ. ಆದರೆ ಮೊದಲು ಆ ಕಲ್ಲುಬೆಂಚುಗಳ ಹತ್ತಿರ ಹೋಗಿ ಬನ್ನಿ, ಹಬ್ಬ ಆಮೇಲೆ. ನಾವು ಉಲ್ಟಾ ಮಾಡಿದೆವು. ವಾಪಸು ರೈಲಿನಲ್ಲಿ ಟೊಪ್ಪಿ ನಮ್ಮ ಚೀಲದೊಳಗಿತ್ತು, ಪುಳಿಯೋಗರೆ ಡಬ್ಬಿಯ ಪಕ್ಕ.